ಗುಡುಗಿಗೆ ಕಿತ್ತಿಡುವ ಫೋನು

ಬಸ್ ಕಂಪನಿಯಿಂದ ನಿವೃತ್ತನಾದವನು ಎಂದು ಹೇಳಿಕೊಂಡರೆ ಜನ ಮೊದಲು ಕೇಳುವುದು, "ಡ್ರೈವರ್ರಾ, ಕಂಡಕ್ಟರ್ರಾ?" ಎರಡೂ ಅಲ್ಲ ಎಂದಕೂಡಲೇ ಅವರ ಉತ್ಸಾಹ ಅರ್ಧಕ್ಕೆ ಇಳಿಯುತ್ತದೆ. ನಾನು ಫೋನಿನವನು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ಊರುಗಳಲ್ಲಿ ಬುಕಿಂಗ್ ಆಫೀಸು ಇಟ್ಟುಕೊಂಡಿದ್ದ ಒಂದು ಖಾಸಗಿ ಬಸ್ ಕಂಪನಿಯ ಫೋನು, ವೈರು, ಕೊನೆಕೊನೆಗೆ ಕಂಪ್ಯೂಟರು, ಎಲ್ಲದರ ಗೋಳು ನನ್ನ ತಲೆಯ ಮೇಲಿತ್ತು.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಈಗಲೂ ನನ್ನನ್ನು ಹುಡುಕಿಕೊಂಡು ಬರುವುದುಂಟು. "ಆಫೀಸ್ ಫೋನಿಗೆ ಓಪನ್ ಸೋರ್ಸ್ ಹಾಕಿದ್ರಂತೆ, ಯಾವ ಪ್ಲಾಟ್‌ಫಾರಂ ಆರಿಸಿದ್ರಿ, ಯಾಕೆ ಅದನ್ನೇ ಆರಿಸಿದ್ರಿ?" ಎನ್ನುತ್ತಾರೆ. ಪುಸ್ತಕದ ಉತ್ತರ ಬೇಕಿದ್ದರೆ ಅವರ ಮೊಬೈಲಿನಲ್ಲೇ ಬೇಕಾದಷ್ಟಿದೆ. ನನ್ನ ಉತ್ತರದಲ್ಲಿ ಗುಲಾಬಿ ಬರುತ್ತಾಳೆ. ಹೊಸನಗರದ ಆಫೀಸಿನಲ್ಲಿ ಕಸ ಗುಡಿಸಿ, ಪಾರ್ಸೆಲ್ ಎತ್ತಿಟ್ಟು, ಎಲ್ಲರಿಗೂ ಚಹಾ ತಂದುಕೊಡುತ್ತಿದ್ದ ಗುಲಾಬಿ. ಅವಳ ಕೆಲಸ ಹೋಗುವುದರಲ್ಲಿತ್ತು, ಹೋಗಬಾರದು ಎಂದು ನನಗೆ ಅನ್ನಿಸಿತು, ಅದಕ್ಕೆ ತಕ್ಕ ಯಂತ್ರ ಹುಡುಕಿದೆ. ಇಷ್ಟೇ ಹೇಳಿ ಕಳಿಸಿದರೆ ಬಂದವರಿಗೆ ಸಮಾಧಾನವಾಗುವುದಿಲ್ಲ, ಹಾಗಾಗಿ ಮೊದಲಿನಿಂದ ಬರೆಯುತ್ತೇನೆ.

ಬಸ್ ಆಫೀಸಿನ ಫೋನಿಗೆ ಸೀಟು ಬುಕ್ ಮಾಡಲು ಯಾರಾದರೂ ಕರೆ ಮಾಡುತ್ತಾರೆ ಎಂದುಕೊಂಡರೆ ನಿಮಗೆ ನಮ್ಮ ಕಡೆಯ ಜನ ಗೊತ್ತಿಲ್ಲ ಎಂದರ್ಥ. ಬರುವ ಕರೆಗಳೆಲ್ಲ ಒಂದೇ ಜಾತಿಯವು: "ಬಸ್ ಹೊರಟ್ತಾ?" "ಬಸ್ ಎಲ್ಲಿದೆ?" "ನಿನ್ನೆ ಬಿಟ್ಟ ಕೊಡೆ ಸಿಕ್ತಾ?" ಒಬ್ಬ ಸೊಸೆ ವಾರಕ್ಕೊಮ್ಮೆ ಕರೆ ಮಾಡಿ, "ನಮ್ಮತ್ತೆ ಹತ್ತಿದಾರೆ, ಇಳಿಯೋವಾಗ ಚೀಲ ಮರೀತಾರೆ, ಕಂಡಕ್ಟರಿಗೆ ಒಂದ್ಮಾತು ಹೇಳಿ" ಎನ್ನುತ್ತಿದ್ದಳು. ನಾವು ಹೇಳುತ್ತಲೂ ಇದ್ದೆವು. ಆದರೂ ಅತ್ತೆ ಚೀಲ ಮರೆಯುತ್ತಿದ್ದರು, ಅದು ಬೇರೆ ವಿಷಯ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ನಿಜ. ಆದರೆ ಕಾಡಿನ ತಿರುವುಗಳಲ್ಲಿ ಸಿಗ್ನಲ್ ಸಿಗದೆ ಬಸ್ಸಿನೊಳಗಿನವರ ಮೊಬೈಲ್ ಸುಮ್ಮನಾದಾಗ ಮನೆಯವರು ಹಿಡಿಯುವುದು ಆಫೀಸಿನ ನಂಬರನ್ನೇ.

ನಾನು ಸೇರಿದಾಗ ಸಾಗರದ ಆಫೀಸಿನ ಗೋಡೆಯ ಮೇಲೆ ಒಂದು ಕಂದು ಡಬ್ಬಿ ಇತ್ತು. ಆಫೀಸಿನೊಳಗಿನ ಪುಟ್ಟ ಎಕ್ಸ್‌ಚೇಂಜ್ ಅದು. ಹೊರಗಿನ ಲೈನು ಅದಕ್ಕೆ ಬಂದು, ಅಲ್ಲಿಂದ ಮ್ಯಾನೇಜರ್ ಮೇಜಿಗೆ, ಬುಕಿಂಗಿಗೆ, ವರ್ಕ್‌ಶಾಪಿಗೆ ಹಂಚಿಹೋಗುತ್ತಿತ್ತು. ಮಳೆಗಾಲಕ್ಕೆ ಮೊದಲಿನ ಗುಡುಗು ಸಿಡಿಲಿನ ದಿನಗಳಲ್ಲಿ ಅದರೊಳಗಿನ ಕಾರ್ಡು ಸುಡುವುದು, ನಾನು ಶಿವಮೊಗ್ಗಕ್ಕೆ ಓಡಿ ಬೇರೆ ಕಾರ್ಡು ತರುವುದು ವರ್ಷವರ್ಷದ ಕ್ರಮವಾಗಿತ್ತು. ಆದ್ದರಿಂದ ನಮ್ಮ ಕಡೆ ಯಾವ ಆಫೀಸಿರಲಿ, ಮನೆಯಿರಲಿ, ಗುಡುಗು ಕೇಳಿದ ಕೂಡಲೇ ಯಾರಾದರೊಬ್ಬರು ಎದ್ದು ಫೋನಿನ ವೈರು, ಟೀವಿಯ ವೈರು ಕಿತ್ತಿಡುತ್ತಾರೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಅಂಗಳದಲ್ಲಿ ಒಣಗಲು ಹಾಕಿದ್ದನ್ನು ಒಳಗೆ ತರುವಷ್ಟೇ ಸಹಜವಾಗಿ ನಡೆಯುವ ಕೆಲಸ ಅದು.

ಆ ಕಂದು ಡಬ್ಬಿಯ ಮೇಲೆ ನಾನು ಮಾಡಿದ ಒಂದು ಘನಕಾರ್ಯವನ್ನು ಹೇಳಲೇಬೇಕು. ಕರೆ ಮಾಡಿದವರಿಗೆ ಸ್ವಾಗತ ಹೇಳುವ ಸೌಲಭ್ಯ ಅದರಲ್ಲಿತ್ತು. ನಾನೇ ಗಂಟಲು ಸರಿಮಾಡಿಕೊಂಡು, "ನಮಸ್ಕಾರ, ದಯವಿಟ್ಟು ನಿರೀಕ್ಷಿಸಿ" ಎಂದು ರೆಕಾರ್ಡ್ ಮಾಡಿದೆ. ಕಿಟಕಿ ತೆರೆದಿತ್ತು. ನನ್ನ ಸ್ವರದ ಹಿಂದೆ ಬಸ್‌ಸ್ಟ್ಯಾಂಡಿನ ಏಜೆಂಟು "ಶಿಮೊಗ್ಗ ಶಿಮೊಗ್ಗ ಶಿಮೊಗ್ಗ, ಸೀಟಿದೆ ಬನ್ನಿ" ಎಂದು ಕೂಗುತ್ತಿದ್ದದ್ದೂ ಅದರೊಳಗೆ ಸೇರಿಹೋಯಿತು. ಆಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಚೀಲ ಹೊತ್ತುಕೊಂಡು ಓಡಿಬಂದವರು, "ಈಗಷ್ಟೇ ಫೋನ್ ಮಾಡಿದ್ದೆ, ಶಿವಮೊಗ್ಗ ಬಸ್ ನಿಂತಿದೆ ಅಂತ ಕೇಳ್ತಲ್ಲ, ಎಲ್ರೀ ಬಸ್ಸು?" ಎಂದು ಜಗಳಕ್ಕೆ ನಿಂತರು. ಮ್ಯಾನೇಜರ್ ಹೆಗಡೆಯವರು ನನ್ನನ್ನು ಕರೆದು, "ನಿನ್ನ ಸ್ವರಕ್ಕಿಂತ ಅವನ ಸ್ವರವೇ ಚೊಲೋ ಇದ್ದು, ಅವನ ಹತ್ರವೇ ಹೇಳಿಸು" ಎಂದರು. ಹೊಸಬರಿಗೆ ನನ್ನ ಮೊದಲ ಉಪದೇಶ: ರೆಕಾರ್ಡ್ ಮಾಡುವ ಮೊದಲು ಕಿಟಕಿ ಮುಚ್ಚಿ.

ಈ ಹೆಗಡೆಯವರ ಪರಿಚಯ ಇಲ್ಲೇ ಮಾಡಿಕೊಟ್ಟುಬಿಡುತ್ತೇನೆ. ಸಾಗರದಲ್ಲಿ ಕೂತು ಮೂರೂ ಆಫೀಸು ನಡೆಸುತ್ತಿದ್ದವರು ಅವರೇ. ಕಟ್ಟುನಿಟ್ಟಿನ ಮನುಷ್ಯ. ಆಫೀಸಿನಲ್ಲಿ ಅಚ್ಚುಕಟ್ಟಾದ ಕನ್ನಡ, ಸಿಟ್ಟು ಬಂದಾಗ ಮಾತ್ರ ಮನೆಮಾತು. ಅವರ ಬಾಯಲ್ಲಿ "ಏನು" ಹೋಗಿ "ಎಂತ", "ಇಲ್ಲ" ಹೋಗಿ "ಇಲ್ಲೆ" ಬರಲು ಶುರುವಾದರೆ ನಾವು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದೆವು. ಅವರ ಮೇಲೆ ಇದ್ದವರು ಮಾಲೀಕರಾದ ಗೌಡರು, ತೀರ್ಥಹಳ್ಳಿಯವರು. ತಂದೆ ಒಂದೇ ಬಸ್ಸಿನಿಂದ ಆರಂಭಿಸಿದ್ದನ್ನು ಇವರು ಬೆಳೆಸಿದ್ದರು. ಕಡಿಮೆ ಮಾತು. ಯಾವ ವಿಷಯ ಹೇಳಿದರೂ ಮೊದಲು "ಹ್ಞೂಂ" ಎಂದು, ಎಲೆಅಡಿಕೆ ಮಡಚಿ ಬಾಯಿಗಿಟ್ಟು, ಆಮೇಲೆ ತೀರ್ಮಾನ ಹೇಳುತ್ತಿದ್ದರು.

ಒಂದು ವರ್ಷ ಕಂದು ಡಬ್ಬಿಯ ಕಾರ್ಡು ಸುಟ್ಟಿತು, ಬೇರೆ ಕಾರ್ಡು ಎಲ್ಲೂ ಸಿಗಲಿಲ್ಲ. ಅದನ್ನು ಮಾಡುವವರೇ ನಿಲ್ಲಿಸಿದ್ದರು. ಬೆಂಗಳೂರಿನಿಂದ ಒಬ್ಬ ಮಾರಾಟಗಾರ ಬಂದು, ಮಿರಿಮಿರಿ ಮಿಂಚುವ ಕಾಗದ ಹರಡಿ, ಸೀಲು ಹಾಕಿದ ದೊಡ್ಡ ಯಂತ್ರವೊಂದನ್ನು ಹೊಗಳಿದ. ಒಳಗೆ ಏನಿದೆ ಎಂದು ಕೇಳಿದೆ. "ಅದನ್ನೆಲ್ಲ ನೀವು ನೋಡೋ ಹಾಗಿಲ್ಲ ಸರ್, ಕೆಟ್ರೆ ನಮ್ಮ ಇಂಜಿನಿಯರ್ ಬರ್ತಾರೆ" ಎಂದ. ಆಗುಂಬೆ ಕಡೆ ಮಳೆ ಹಿಡಿದಾಗ ನಮ್ಮ ಬಸ್ಸೇ ಹೋಗುವುದು ಕಷ್ಟ, ಇವನ ಇಂಜಿನಿಯರು ಹಾರಿಬರುತ್ತಾನೆಯೇ? ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅಷ್ಟು ಹೊತ್ತಿಗೆ ನಾನು ಬೇರೆಬೇರೆ ಕಡೆ ಓದಿ, ನೋಡಿ, ಓಪನ್ ಸೋರ್ಸ್ ಫೋನ್ ವ್ಯವಸ್ಥೆಯ ರುಚಿ ಹತ್ತಿಸಿಕೊಂಡಿದ್ದೆ.

ಗೌಡರಿಗೆ ವಿವರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಪುಕ್ಕಟೆ ಅಂತೀಯಲ್ಲ ಶೇಖರಪ್ಪ, ಕೆಟ್ಟೋದ್ರೆ ಯಾರನ್ನ ಬೈಯೋದು?"

"ನನ್ನನ್ನೇ ಬೈರಿ" ಎಂದೆ. "ಉಪ್ಪಿನಕಾಯಿ ಹಾಕೋ ಕ್ರಮ ಬರೆದು ಎಲ್ಲರಿಗೂ ಕೊಟ್ಟ ಹಾಗೆ ಇದು. ಮಿಡಿ ನಮ್ದು, ಭರಣಿ ನಮ್ದು. ಉಪ್ಪು ಖಾರ ನಮಗೆ ಬೇಕಾದ ಹಾಗೆ ಹಾಕ್ಕೋಬಹುದು."

"ಹ್ಞೂಂ," ಎಂದರು. ಎಲೆಗೆ ಸುಣ್ಣ ಸವರಿದರು. "ಹಾಕಿ ನೋಡು. ಬೂಸ್ಟು ಬರಿಸ್ಬೇಡ."

ಇಲ್ಲಿಂದಲೇ ಪ್ಲಾಟ್‌ಫಾರಂ ಆರಿಸುವ ತಲೆನೋವು ಶುರು. ಹೊಸಬರಿಗೆ ಇದು ಗೊತ್ತಿರಬೇಕು: ಕರೆ ಜೋಡಿಸುವ ತಂತ್ರಾಂಶ ಒಂದೇ ಆದರೂ ಅದನ್ನು ಕೂರಿಸಲು ಹಲವು ದಾರಿಗಳಿವೆ. ಬಣ್ಣದ ಪರದೆ, ಗುಂಡಿಗಳು, ಚಿತ್ರಗಳು ಎಲ್ಲ ಇರುವ ಸಿದ್ಧ ಕಟ್ಟು ಒಂದು. ಏನೂ ಇಲ್ಲದ, ಸಾಲುಸಾಲಾಗಿ ಅಕ್ಷರ ಟೈಪ್ ಮಾಡಿಯೇ ಎಲ್ಲ ಹೇಳಬೇಕಾದ ಬೋಳು ವ್ಯವಸ್ಥೆ ಇನ್ನೊಂದು. ಇವನ್ನು ಒಂದು ದೊಡ್ಡ ಕಂಪ್ಯೂಟರಿಗೆ ಹಾಕಿ ಮೂರೂ ಊರಿಗೆ ಹಂಚಬಹುದು, ಇಲ್ಲವೇ ಅಂಗೈಯಷ್ಟಗಲದ ಸಣ್ಣ ಬೋರ್ಡುಗಳನ್ನು ಊರಿಗೊಂದರಂತೆ ಇಡಬಹುದು. ನಾನು ಹೆಗಡೆಯವರಿಗೆ ಎರಡನ್ನೂ ತೋರಿಸಿದೆ. ಅವರಿಗೆ ಬಣ್ಣದ ಪರದೆ ಹಿಡಿಸಿತು. ಯಾವ ಆಫೀಸಿನಲ್ಲಿ ಯಾರು ಎಷ್ಟು ಹೊತ್ತು ಮಾತಾಡುತ್ತಿದ್ದಾರೆ ಎಂದು ಕೂತಲ್ಲೇ ಕಾಣುತ್ತದಲ್ಲ. ನನಗೂ ಹಿಡಿಸಿತ್ತು, ಸುಳ್ಳೇಕೆ. ಬಣ್ಣದ ಪರದೆಯ ಕಟ್ಟನ್ನು ಒಂದು ದೊಡ್ಡ ಕಂಪ್ಯೂಟರಿಗೆ ಹಾಕುವುದೆಂದಾಯಿತು.

ಆದರೆ ಆ ಕಂಪ್ಯೂಟರನ್ನು ಎಲ್ಲಿಡುವುದು? ಹೆಗಡೆಯವರು ಸಾಗರ ಎಂದರು. ಗೌಡರು ತೀರ್ಥಹಳ್ಳಿ ಎಂದರು. ಇಬ್ಬರೂ ಬಿಡಲಿಲ್ಲ. ಕಡೆಗೆ ಇಬ್ಬರ ಮಾನವೂ ಉಳಿಯಲಿ ಎಂದು ನಡುವಿನ ಊರಾದ ಹೊಸನಗರದಲ್ಲಿ ಇಡುವುದೆಂದು ತೀರ್ಮಾನವಾಯಿತು. ತಾಂತ್ರಿಕವಾಗಿ ಇದಕ್ಕೆ ಎಳ್ಳಷ್ಟೂ ಅರ್ಥವಿಲ್ಲ. ಮೂರೂ ಊರನ್ನು ಜೋಡಿಸುವ ಫೈಬರ್ ಕೇಬಲ್ಲಿಗೆ ನಡುವಿನ ಊರು, ತುದಿಯ ಊರು ಎಂದೇನೂ ಇಲ್ಲ. ಆದರೂ ಇಬ್ಬರು ಹಿರಿಯರ ನಡುವೆ ಸಿಕ್ಕಿಕೊಂಡ ನನಗೆ ಅದೇ ಸುಖವೆನಿಸಿ ತಲೆಯಾಡಿಸಿದೆ. ಹೀಗೆ ಮೂರು ಊರಿನ ಫೋನುಗಳ ಜೀವ ಹೊಸನಗರದ ಆಫೀಸಿನಲ್ಲಿ, ಗುಲಾಬಿಯ ಪೊರಕೆ ಇಡುವ ಮೂಲೆಯ ಪಕ್ಕದಲ್ಲಿ ಬಂದು ಕೂತಿತು.

ಗುಲಾಬಿ ನಗರ ಎಂಬ ಊರಿನ ಕಡೆಯ ಒಂದು ಹಳ್ಳಿಯವಳು. ಹಲವು ವರ್ಷದಿಂದ ದಿನಗೂಲಿ ಮೇಲಿದ್ದಳು. ಆ ಮಳೆಗಾಲ ಮುಗಿದ ಮೇಲೆ ಖಾಯಂ ಮಾಡುತ್ತೇವೆ ಎಂದು ಗೌಡರೇ ಬಾಯಿಬಿಟ್ಟು ಹೇಳಿದ್ದರು. ಅವಳು ಅದನ್ನು ಇಡೀ ಬಸ್‌ಸ್ಟ್ಯಾಂಡಿಗೆ ಹೇಳಿಕೊಂಡಿದ್ದಳು. ಖಾಯಂ ಆದರೆ ತಾಯಿಯನ್ನು ಹೊಸನಗರಕ್ಕೇ ಕರೆತಂದು ಇಟ್ಟುಕೊಳ್ಳುವ ಯೋಚನೆ ಅವಳದು.

ಮೊದಲ ಗುಡುಗು ಒಂದು ಮಧ್ಯಾಹ್ನ ಬಂತು. ನಾನು ಸಾಗರದಲ್ಲಿದ್ದೆ. ಮೂರೂ ಆಫೀಸಿನ ಫೋನು ಒಟ್ಟಿಗೇ ಸತ್ತವು. ಗುಲಾಬಿ ಪ್ಲಗ್ ಕಿತ್ತಿದ್ದಳು. ಯುಪಿಎಸ್ ಇತ್ತಲ್ಲ ಎಂದು ಕೇಳಬೇಡಿ, ಅವಳು ಕಿತ್ತದ್ದು ಯುಪಿಎಸ್ಸಿನ ಹಿಂದಿನ ವೈರನ್ನೇ. ಅದೇ ಹೊತ್ತಿಗೆ ದಾರಿಗೆ ಮರ ಬಿದ್ದು ಕಾಲೇಜು ಮಕ್ಕಳು ಬರುವ ಬಸ್ಸು ನಿಂತುಹೋಗಿತ್ತು. ಎಲ್ಲ ಮನೆಯವರೂ ಆಫೀಸಿಗೆ ಕರೆ ಮಾಡುತ್ತಿದ್ದಾರೆ, ಒಂದೂ ತಾಗುತ್ತಿಲ್ಲ. ಮಕ್ಕಳಿಗೆ ಏನೂ ಆಗಿರಲಿಲ್ಲ, ಬಸ್ಸಿನಲ್ಲಿ ಕೂತು ಅಂತ್ಯಾಕ್ಷರಿ ಹಾಡುತ್ತಿದ್ದವಂತೆ. ಆದರೆ ಅಪ್ಪ ಅಮ್ಮಂದಿರು ನೆನೆದುಕೊಂಡು ಸಾಗರದ ಆಫೀಸಿಗೇ ಬಂದು ಹೆಗಡೆಯವರ ಮೇಜಿನ ಸುತ್ತ ನಿಂತರು.

"ಎಂತದು ಇದು! ಒಂದು ಫೋನೂ ಇಲ್ಲೆ, ಎಂತೂ ಇಲ್ಲೆ!" ಎಂದರು ಹೆಗಡೆಯವರು. ನಾನು ಜಾಗ ಖಾಲಿ ಮಾಡುವ ಹಾಗಿರಲಿಲ್ಲ.

ಮಳೆ ನಿಂತ ಮೇಲೆ ಗುಲಾಬಿ ಪ್ಲಗ್ ಮತ್ತೆ ಹಾಕಿದಳು. ಆದರೆ ಕಂಪ್ಯೂಟರ್ ಏಳಲಿಲ್ಲ. ಬಣ್ಣದ ಪರದೆಯ ಆ ಕಟ್ಟು ಸದಾ ಏನನ್ನಾದರೂ ಒಳಗೆ ಬರೆದುಕೊಳ್ಳುತ್ತಲೇ ಇರುತ್ತದೆ. ಬರೆಯುತ್ತಿರುವಾಗ ಕರೆಂಟು ತಪ್ಪಿದರೆ ಅರ್ಧ ಬರೆದದ್ದು ಹಾಗೇ ಉಳಿಯುತ್ತದೆ, ಮತ್ತೆ ಎದ್ದಾಗ ತಾನೇ ಬರೆದದ್ದನ್ನು ಓದಲಾಗದೆ ಒದ್ದಾಡುತ್ತದೆ. ಮಾರನೇ ದಿನ ಇಡೀ ಹೊಸನಗರದಲ್ಲಿ ಕೂತು ಅದನ್ನು ಸರಿ ಮಾಡಿದೆ. ಮಾಡುತ್ತಾ ಗುಲಾಬಿಯನ್ನು ಚೆನ್ನಾಗಿಯೇ ಬೈದೆ. ಅವಳು ತಲೆತಗ್ಗಿಸಿ, "ಆಯ್ತು ಶೇಖರಣ್ಣ" ಎಂದಳು. ನಾನು ಒಂದು ಕಬ್ಬಿಣದ ಪೆಟ್ಟಿಗೆ ತಂದು, ಯಂತ್ರ, ಯುಪಿಎಸ್ಸು, ಪ್ಲಗ್ಗು ಎಲ್ಲವನ್ನೂ ಅದರೊಳಗಿಟ್ಟು ಬೀಗ ಹಾಕಿ, ಕೀಲಿ ಜೇಬಿಗಿಳಿಸಿಕೊಂಡು ಬಂದೆ. ಬುದ್ಧಿವಂತ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮುಂದಿನ ಗುಡುಗಿಗೆ ಗುಲಾಬಿ ಸ್ಟೂಲು ಹತ್ತಿ ಮೀಟರ್ ಬೋರ್ಡಿನ ಮೇನ್ ಸ್ವಿಚ್ ಆಫ್ ಮಾಡಿದಳು. ಅದೂ ಸಾಲದೆ, ಪೆಟ್ಟಿಗೆಯ ಹಿಂದಿನ ಗಾಳಿಕಿಂಡಿಯಲ್ಲಿ ಕೈ ತೂರಿಸಿ ಯುಪಿಎಸ್ಸಿನ ವೈರನ್ನೂ ಎಳೆದಿದ್ದಳು.

ಈ ಸಲ ಹೆಗಡೆಯವರು ಸಿಟ್ಟೂ ಮಾಡಿಕೊಳ್ಳಲಿಲ್ಲ. ಅಚ್ಚುಕಟ್ಟಾದ ಕನ್ನಡದಲ್ಲೇ ಹೇಳಿದರು: "ಶೇಖರ, ಆ ಹೆಂಗಸನ್ನು ತೆಗೆಯುವುದೇ ಸರಿ. ಖಾಯಂ ಮಾಡುವ ಮಾತಂತೂ ಬೇಡ. ಗೌಡರಿಗೆ ನಾನೇ ಹೇಳುತ್ತೇನೆ." ಈ ಮಾತು ಹೊಸನಗರ ತಲುಪಲು ಬಸ್ಸು ಕೂಡ ಬೇಕಾಗಲಿಲ್ಲ. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಗುಲಾಬಿಗೆ ಗೊತ್ತಾಗಿತ್ತು. ಅವಳು ಅಳಲಿಲ್ಲ, ಚಹಾ ತಂದುಕೊಟ್ಟಳು.

"ಅಲ್ಲ ಮಾರಾಯ್ತಿ, ಬೇಡ ಅಂದಿದ್ದನ್ನೇ ಮಾಡ್ತೀಯಲ್ಲ, ಎಂತಕ್ಕೆ?" ಎಂದೆ. "ನೋಡು, ಮೊದಲಿನ ಹಾಗೆ ತಾಮ್ರದ ವೈರಲ್ಲ ಇದು. ಇದರೊಳಗೆ ಕರೆಂಟ್ ಬರೋದೇ ಇಲ್ಲ, ಬರೀ ಬೆಳಕು ಬರೋದು."

"ಮಿಂಚೂ ಬೆಳಕೇ ಅಲ್ವಾ ಶೇಖರಣ್ಣ?" ಎಂದಳು.

ಫೈಬರಿನ ಬೆಳಕಿಗೂ ಮಿಂಚಿಗೂ ಇರುವ ವ್ಯತ್ಯಾಸ ವಿವರಿಸಲು ಹೊರಟವನು, ಅವಳ ಮುಖ ನೋಡಿ ಚಹಾದ ಲೋಟ ಕೆಳಗಿಟ್ಟು ಕೂತೆ. ಅವಳು ಪಾರ್ಸೆಲ್ ಗಂಟಿನ ಮೇಲೆ ಕೂತು ನಿಧಾನಕ್ಕೆ ಹೇಳಿದಳು.

"ನಾ ಇಲ್ಲಿಗೆ ಸೇರಿದ ಹೊಸದ್ರಲ್ಲಿ ಶೇಖರಣ್ಣ. ನಮ್ಮೂರಲ್ಲಿ ಒಂದೇ ಮನೇಲಿ ಫೋನಿದ್ದಿದ್ದು. ಈ ಆಫೀಸಿಂದಾನೇ ಮಾಡಿದ್ದೆ. ಅವ್ವ ಓಡಿ ಬಂದು ಎತ್ತಿದ್ಲು. ಗುಡುಗ್ತಾ ಇದೆ, ಇಡ್ತೀನಿ ಕಣೇ ಅಂದ್ಲು. ನಾನೇ ಬಿಡ್ಲಿಲ್ಲ. ಸಂಬಳ ಬಂತು, ಸೀರೆ ತಗಂಡೆ, ಯಾವ ಬಣ್ಣ ಹೇಳು ಅಂತ ಮಾತಾಡ್ತಾನೇ ಇದ್ದೆ. ಆಮೇಲೆ ಆ ಕಡೆಯಿಂದ ಎಂತದೂ ಕೇಳ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಜೀವ ಉಳೀತು. ಫೋನ್ ಹಿಡ್ದಿದ್ದ ಆ ಕಿವಿ ಕೇಳಲ್ಲ ಈಗ. ಗುಡುಗಿದ್ರೆ ನಂಗೆ ಮೆಷಿನ್ನು ಕಾಣಲ್ಲ ಶೇಖರಣ್ಣ, ಫೋನ್ ಹಿಡ್ಕಂಡೋರ ಕಿವಿ ಕಾಣುತ್ತೆ. ಕೆಲಸ ಹೋದ್ರೂ ನಾ ಕೀಳದು ಬಿಡಕ್ಕಾಗಲ್ಲ."

ನನಗೆ ಸಂಕಟವಾಯಿತು. ಬೈದದ್ದಕ್ಕೆ ಅಲ್ಲ, ಅಷ್ಟು ವರ್ಷ ಅದೇ ಆಫೀಸಿಗೆ ಹೋಗಿ ಬರುತ್ತಿದ್ದರೂ ಇದು ನನಗೆ ಗೊತ್ತೇ ಇರಲಿಲ್ಲವಲ್ಲ ಎಂದು. ಅವಳು ಮಾಡುತ್ತಿದ್ದುದರಿಂದ ನಮಗೆ ತೊಂದರೆಯಾಗುತ್ತಿತ್ತು, ಅದು ಸತ್ಯ. ದೂರದಲ್ಲೆಲ್ಲೋ ಆಕಾಶ ಗೊಣಗಿದರೂ ಕೀಳುತ್ತಿದ್ದಳು, ಬಿಸಿಲು ಬಂದರೂ ಮತ್ತೆ ಹಾಕಲು ಹಿಂದೆಮುಂದೆ ನೋಡುತ್ತಿದ್ದಳು. ಆದರೆ ಆ ಕೈಯನ್ನು ತಡೆಯುವುದು ನನ್ನಿಂದ ಆಗುವ ಕೆಲಸವಲ್ಲ ಎಂದು ಅವತ್ತೇ ತಿಳಿಯಿತು.

ಅಲ್ಲಿಂದ ನೇರ ತೀರ್ಥಹಳ್ಳಿ ಬಸ್ಸು ಹತ್ತಿ ಗೌಡರ ಮುಂದೆ ನಿಂತೆ. ಹೆಗಡೆಯವರು ಫೋನಿನಲ್ಲಿ ಮೊದಲೇ ಎಲ್ಲ ಹೇಳಿ ಆಗಿತ್ತು. ನಾನು ತಾಯಿಯ ವಿಷಯ ಹೇಳಿದೆ.

"ಹ್ಞೂಂ," ಎಂದರು ಗೌಡರು. "ಪಾಪ ಅಂತ ನಂಗೂ ಅನ್ಸುತ್ತೆ. ಆದ್ರೆ ಗುಡುಗು ಬಂದಾಗ್ಲೇ ಜನ ನಮಗೆ ಫೋನ್ ಮಾಡೋದು. ಆವಾಗ್ಲೇ ಫೋನ್ ಇಲ್ಲ ಅಂದ್ರೆ ಹೆಗಡೆ ಹೇಳೋದೂ ತಪ್ಪಲ್ಲ."

"ಅವಳು ಕಿತ್ರೂ ಕೆಡದೇ ಇರೋ ಮೆಷಿನ್ ತರ್ತೀನಿ. ಅವಳು ಕಿತ್ತಾಗ್ಲೂ ಜನರ ಫೋನನ್ನ ಯಾರಾದ್ರೂ ಎತ್ತೋ ಹಾಗೆ ಮಾಡ್ತೀನಿ."

"ಆಗ್ದಿದ್ರೆ?"

"ಆಗದಿದ್ರೆ ಹೆಗಡೆಯವರು ಹೇಳಿದ ಹಾಗೆ ಆಗ್ಲಿ."

ಹೇಳಿ ಹೊರಗೆ ಬಂದ ಮೇಲೆ ಅರಿವಾಯಿತು. ಯಾರದೋ ಅನ್ನದ ಮೇಲೆ ನಾನು ಪಂಥ ಕಟ್ಟಿಬಿಟ್ಟಿದ್ದೆ.

ಪ್ಲಾಟ್‌ಫಾರಂ ಆರಿಸುವಾಗ ಎಲ್ಲರೂ ಒಂದೊಂದು ಪರೀಕ್ಷೆ ಮಾಡುತ್ತಾರೆ. ಎಷ್ಟು ಕರೆ ಹೊರುತ್ತದೆ, ಸ್ವರ ಎಷ್ಟು ಸ್ಪಷ್ಟ ಎಂದೆಲ್ಲ. ನಾನು ಮಾಡಿದ್ದು ಒಂದೇ ಪರೀಕ್ಷೆ. ಮನೆಯ ಊಟದ ಮೇಜಿನ ಮೇಲೆ ಒಂದೊಂದೇ ವ್ಯವಸ್ಥೆ ಹೂಡಿ, ಅದು ಚುರುಕಾಗಿ ಕೆಲಸ ಮಾಡುತ್ತಿರುವಾಗ ಪ್ಲಗ್ ಕೀಳುವುದು, ಮತ್ತೆ ಹಾಕುವುದು, ಏಳುತ್ತದೋ ನೋಡುವುದು. ಹಗಲೆಲ್ಲ ಇದೇ. ನನ್ನ ಹೆಂಡತಿ ಅನ್ನದ ಪಾತ್ರೆ ಇಡಲು ಜಾಗವಿಲ್ಲದೆ, "ನಿಮ್ದು ಫೋನ್ ರಿಪೇರಿ ಕೆಲಸನೋ, ಪ್ಲಗ್ ಕೀಳೋ ಕೆಲಸನೋ?" ಎಂದು ಕೇಳಿದಳು. ಆಮೇಲೆ ಅವಳೇ ಅಡುಗೆಮನೆಯಿಂದ ಬರುವಾಗ ಹೋಗುವಾಗ ನನಗೆ ಹೇಳದೆ ಕಿತ್ತು ಹೋಗತೊಡಗಿದಳು. ನಾನು ಕೀಳುವುದಕ್ಕಿಂತ ಅದು ಒಳ್ಳೆಯ ಪರೀಕ್ಷೆಯಾಯಿತು. ನಾನು ಕೀಳುವಾಗ ಗೊತ್ತಿಲ್ಲದೆಯೇ ಯಂತ್ರ ಸುಮ್ಮನಿರುವ ಗಳಿಗೆ ನೋಡಿ ಕೀಳುತ್ತಿದ್ದೆ. ಅವಳಿಗೆ ಅಂಥ ದಾಕ್ಷಿಣ್ಯವಿರಲಿಲ್ಲ.

ಬಣ್ಣದ ಪರದೆಯವೆಲ್ಲ ಒಂದಲ್ಲ ಒಂದು ಸಲ ಬಿದ್ದುಕೊಂಡವು. ಉಳಿದದ್ದು ಬೋಳು ವ್ಯವಸ್ಥೆ, ಅದೂ ಅಂಗೈಯಗಲದ ಬೋರ್ಡಿನ ಮೇಲೆ. ಅದರ ಮೆಮೊರಿ ಕಾರ್ಡಿಗೆ ಓದಲು ಮಾತ್ರ ಅವಕಾಶ ಕೊಟ್ಟು, ಬರೆಯುವುದನ್ನೇ ಬಂದ್ ಮಾಡಿದೆ. ಬರೆಯುವುದೇ ಇಲ್ಲವೆಂದ ಮೇಲೆ ಅರ್ಧ ಬರೆದು ಕೆಡುವ ಪ್ರಶ್ನೆ ಎಲ್ಲಿಂದ? ಪ್ಲಗ್ ಹಾಕಿದರೆ ನಿದ್ದೆಯಿಂದ ಎದ್ದ ಮಗುವಿನ ಹಾಗೆ ಹೊಸದಾಗಿ ಕಣ್ಣು ಬಿಡುತ್ತಿತ್ತು. ಊರಿಗೊಂದು ಬೋರ್ಡು ಇಟ್ಟೆ. ಒಂದು ಊರಿನದು ಆಫ್ ಆದರೆ ಆ ಊರಿನ ನಂಬರಿಗೆ ಬರುವ ಕರೆ ತಾನಾಗಿ ಪಕ್ಕದ ಊರಿಗೆ ಹೋಗುವಂತೆ ಮಾಡಿದೆ. ಹೊಸನಗರದ್ದು ಸಾಗರಕ್ಕೆ, ಸಾಗರದ್ದು ತೀರ್ಥಹಳ್ಳಿಗೆ. ಹೆಗಡೆಯವರ ಬಣ್ಣದ ಪರದೆ ಹೋಯಿತು. "ಈಗ ಎಂತದೂ ಕಾಣ್ತಿಲ್ಲೆ" ಎಂದು ಗೊಣಗಿದರು.

ಜನರನ್ನು ತಯಾರು ಮಾಡುವುದು ಯಂತ್ರಕ್ಕಿಂತ ಕಷ್ಟವಾಯಿತು. ಒಂದೂರಿನ ಕರೆಗೆ ಇನ್ನೊಂದೂರಿನವರು ಉತ್ತರ ಕೊಡಬೇಕಲ್ಲ. ಆಗ ಸಾಗರದಿಂದ ಸಿಗಂದೂರಿಗೆ ಹೋಗಲು ಹೊಳೆಬಾಗಿಲು ಎಂಬಲ್ಲಿ ಇನ್ನೂ ಲಾಂಚಿನಲ್ಲೇ ಹೊಳೆ ದಾಟಬೇಕಿತ್ತು. ಪರೀಕ್ಷೆಯ ದಿನ ಯಾರೋ, "ಹೊಳೆಬಾಗಿಲಲ್ಲಿ ಬಸ್ಸಿಗೆ ಲಾಂಚ್ ಸಿಗುತ್ತಾ?" ಎಂದು ಸಾಗರಕ್ಕೆ ಕೇಳಿದ್ದು ತೀರ್ಥಹಳ್ಳಿಗೆ ಹೋಗಿ, ಅಲ್ಲಿಯ ಕ್ಲರ್ಕು ಪ್ರಾಮಾಣಿಕವಾಗಿ, "ಇಲ್ಲಿ ಸೇತುವೆ ಇದೆಯಲ್ರೀ, ಲಾಂಚ್ ಯಾಕೆ?" ಎಂದುಬಿಟ್ಟಿದ್ದ. ಮೂರೂ ಆಫೀಸಿನವರನ್ನು ಒಬ್ಬರ ದಾರಿಯಲ್ಲಿ ಇನ್ನೊಬ್ಬರನ್ನು ಬಸ್ಸಿನಲ್ಲಿ ಕೂರಿಸಿ ಕಳಿಸಿದೆ. ಇದನ್ನು ಯಾವ ಪ್ಲಾಟ್‌ಫಾರಮ್ಮೂ ಮಾಡಿಕೊಡುವುದಿಲ್ಲ, ನೆನಪಿಡಿ.

ಗುಲಾಬಿಗೆಂದು ಒಂದು ವಿಶೇಷ ಸೌಲಭ್ಯವನ್ನೂ ಮಾಡಿದ್ದೆ. ಓಪನ್ ಸೋರ್ಸಿನ ಸುಖವೇ ಅದು, ನಮಗೆ ಬೇಕಾದ್ದನ್ನು ನಾವೇ ಸೇರಿಸಬಹುದು. ಗುಡುಗು ಕೇಳಿದಾಗ ಆಫೀಸಿನ ಫೋನಿನಲ್ಲಿ ಒಂದು ಪುಟ್ಟ ನಂಬರ್ ಒತ್ತಿದರೆ ಸಾಕು, ಕರೆಗಳೆಲ್ಲ ಮರ್ಯಾದೆಯಿಂದ ಪಕ್ಕದ ಊರಿಗೆ ತಿರುಗುತ್ತವೆ, ಆಮೇಲೆ ನಿಧಾನಕ್ಕೆ ಪ್ಲಗ್ ಕೀಳಬಹುದು. ಬಹಳ ಹೆಮ್ಮೆಯಿಂದ ಅವಳಿಗೆ ತೋರಿಸಿದೆ.

"ಗುಡುಗೋವಾಗ ಫೋನ್ ಮುಟ್ಟಿ ನಂಬರ್ ಒತ್ಬೇಕಾ?" ಎಂದು ನನ್ನನ್ನೇ ನೋಡಿದಳು. ಆ ಸೌಲಭ್ಯವನ್ನು ಇವತ್ತಿನವರೆಗೆ ಯಾರೂ ಬಳಸಿಲ್ಲ.

ಪಂಥದ ದಿನ ಹೇಳಿ ಕೇಳಿ ಬರಲಿಲ್ಲ. ಒಂದು ಸಂಜೆ ನಾನು ಸಾಗರದ ಆಫೀಸಿನಲ್ಲಿ ಹೆಗಡೆಯವರ ಎದುರು ಕೂತಿದ್ದೆ. ಅವರ ಮೇಜಿನ ಫೋನು ಬಡಿದುಕೊಂಡಿತು. ಅದರ ಪುಟ್ಟ ಪರದೆಯಲ್ಲಿ 'ಹೊಸನಗರ' ಎಂದು ಬಂತು. ಅಂದರೆ ಗುಲಾಬಿ ಕಿತ್ತಿದ್ದಾಳೆ. ಹೆಗಡೆಯವರು ಎತ್ತಿದರು.

"ಹಲೋ, ಹೊಸನಗರದವ್ರಾ? ನಮ್ಮ ಹುಡುಗಿ ಬರೋ ಬಸ್ಸು ಇನ್ನೂ ಬಂದಿಲ್ಲ..." ಎಂಬ ಹೆಂಗಸಿನ ಸ್ವರ ನನಗೂ ಕೇಳುವಷ್ಟು ಜೋರಾಗಿತ್ತು.

"ನಾನು ಸಾಗರದಿಂದ ಮಾತಾಡ್ತಿದೀನಿ ತಾಯಿ. ಬಸ್ಸು ಈಗಷ್ಟೇ ಇಲ್ಲಿಂದ ದಾಟಿದೆ, ಮಳೆ ಇದೆ, ಸ್ವಲ್ಪ ತಡವಾಗುತ್ತೆ. ಗಾಬರಿ ಬೇಡ," ಎಂದರು ಹೆಗಡೆಯವರು. ಇಟ್ಟರು. ಮತ್ತೆ ಬಡಿಯಿತು, ಮತ್ತೆ ಹೊಸನಗರ. ಒಂದರ ಹಿಂದೆ ಒಂದು ಬರುತ್ತಲೇ ಇದ್ದವು, ಅವರು ಎತ್ತುತ್ತಲೇ ಇದ್ದರು. ಕರೆಗಳ ನಡುವೆ ಒಮ್ಮೆ ನನ್ನ ಕಡೆ ನೋಡಿ ಹುಬ್ಬು ಏರಿಸಿದರು. ಪರವಾಗಿಲ್ಲ ಎಂಬಂತೆ.

ಆಗ ನನ್ನ ಜೇಬಿನ ಮೊಬೈಲು ಹಾಡಿತು. ಗುಲಾಬಿ.

"ಶೇಖರಣ್ಣ, ಜಾಸ್ತಿ ಮಾತಾಡಲ್ಲ. ಗುಡುಗು ನಿಮ್ ಕಡೆಗೇ ಬರ್ತಿದೆ. ಹೆಗಡೆ ಸಾರ್ ಫೋನ್ ಹಿಡ್ಕಂಡಿದ್ರೆ ಇಡಕ್ಕೆ ಹೇಳಿ. ಕಿತ್ತಿಡಿ." ಅಷ್ಟೇ. ನಾನು ಹ್ಞಾಂ ಎನ್ನುವಷ್ಟರಲ್ಲಿ ಕಟ್ಟಾಗಿತ್ತು.

ಹೆಗಡೆಯವರು ಕಿವಿಗೆ ಫೋನು ಹಿಡಿದು ಯಾರಿಗೋ ಸಮಾಧಾನ ಹೇಳುತ್ತಿದ್ದರು. ಅವಳನ್ನು ತೆಗೆದುಹಾಕಿ ಎಂದವರು ಅವರೇ ಎಂದು ಗುಲಾಬಿಗೆ ಚೆನ್ನಾಗಿ ಗೊತ್ತಿತ್ತು. ನಾನು ಅವಳ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ತಾಯಿಯ ಕಿವಿಯ ವಿಷಯವನ್ನು ಗೌಡರಿಂದ ಅವರೂ ಕೇಳಿದ್ದರು. ಅವರು ಕೈಯಲ್ಲಿದ್ದ ರಿಸೀವರನ್ನು ಒಂದು ಗಳಿಗೆ ನೋಡಿದರು. ಆಮೇಲೆ ಆ ಕಡೆಯವರಿಗೆ, "ಒಂದು ನಿಮಿಷ ಬಿಟ್ಟು ಮತ್ತೆ ಮಾಡಿ, ತೀರ್ಥಹಳ್ಳಿಯವರು ಎತ್ತುತ್ತಾರೆ" ಎಂದು ಹೇಳಿ ಇಟ್ಟರು. ಕುರ್ಚಿ ಹಿಂದೆ ಸರಿಸಿ, ಪಂಚೆ ಎತ್ತಿ ಕಟ್ಟಿ, ಮೇಜಿನ ಕೆಳಗೆ ಬಗ್ಗಿ, ತಮ್ಮ ಕೈಯಾರೆ ಬೋರ್ಡಿನ ಪ್ಲಗ್ ಕಿತ್ತರು.

ಸ್ವಲ್ಪ ಹೊತ್ತಿಗೆ ಸಾಗರದ ಮೇಲೂ ಗುಡುಗಿತು. ಆಫೀಸಿನಲ್ಲಿ ಒಂದು ಫೋನೂ ಬಡಿಯುತ್ತಿರಲಿಲ್ಲ. ನಾವಿಬ್ಬರೂ ಬಾಗಿಲಲ್ಲಿ ನಿಂತು ಮಳೆ ನೋಡಿದೆವು.

"ಎಂತ ಹೆಂಗಸು ಮಾರಾಯ," ಎಂದರು ಹೆಗಡೆಯವರು. ಸಿಟ್ಟಿಲ್ಲದೆ ಅವರ ಬಾಯಲ್ಲಿ ಮನೆಮಾತು ಕೇಳಿದ್ದು ನನಗೆ ಅದೇ ಮೊದಲು.

ಮಳೆಗಾಲ ಮುಗಿದ ಮೇಲೆ ಗುಲಾಬಿ ಖಾಯಂ ಆದಳು. ಗೌಡರಿಗೆ ಹೇಳಿದವರು ಹೆಗಡೆಯವರೇ. ಅವಳು ತಾಯಿಯನ್ನು ಕರೆತಂದಳು, ಬಸ್‌ಸ್ಟ್ಯಾಂಡಿನ ಹಿಂದೆಯೇ ಮನೆ ಮಾಡಿದಳು. ನನ್ನ ಬೋರ್ಡುಗಳು ಇವತ್ತಿಗೂ ನಡೆಯುತ್ತಿವೆ, ಎಷ್ಟು ಸಲ ಕಿತ್ತಿದ್ದಾರೋ ದೇವರಿಗೇ ಗೊತ್ತು. ಇನ್ನೂ ಒಳ್ಳೆಯವು ಬಂದಿವೆ ಎಂದು ಹೊಸ ಹುಡುಗರು ಹೇಳುತ್ತಾರೆ. ಬಂದಿರಬಹುದು. ಹಾಕುವ ಮೊದಲು ಗುಲಾಬಿಯ ಕೈಗೆ ಕೊಟ್ಟು ನೋಡಿ ಎನ್ನುತ್ತೇನೆ.

ನಾನೀಗ ಸಾಗರದ ಮನೆಯಲ್ಲಿ ಸುಮ್ಮನೆ ಕೂತಿರುತ್ತೇನೆ. ಆಫೀಸಿನಲ್ಲಿ ಮಾಡುವಂಥದ್ದೇನೂ ನನಗೆ ಉಳಿದಿಲ್ಲ, ಯಾರೂ ಕರೆಯುವುದೂ ಇಲ್ಲ. ಆದರೆ ಆಕಾಶ ಕಪ್ಪಾದ ದಿನ, ಹೊಸನಗರದ ಕಡೆಯಿಂದ ಗಾಳಿ ತಿರುಗಿದಾಗ, ನನ್ನ ಮೊಬೈಲು ಹಾಡುತ್ತದೆ.

"ಶೇಖರಣ್ಣ, ಜಾಸ್ತಿ ಮಾತಾಡಲ್ಲ. ಕಿತ್ತಿಡಿ."

ಹೇಗಿದ್ದೀಯ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವಳು ಇಟ್ಟಿರುತ್ತಾಳೆ. ನಾನು ಎದ್ದು ಹೋಗಿ ಟೀವಿಯ ಪ್ಲಗ್ ಕೀಳುತ್ತೇನೆ.